ಬೇಗ ನಿಂತ್ಹೋದ ಗೇಮ್ ಶೋಗಳ ಬಗ್ಗೆ ಬರೀತಿರೋ ತಮ್ಮನಿಗೆ

ತಮ್ಮಾ,

ನೀನು ಕಳ್ಸಿದ ಲೇಖನ ಪೂರ್ತಿ ಓದ್ದೆ. "ಅಕ್ಕಾ, ಮುಲಾಜಿಲ್ದೆ ಹೇಳಿ" ಅಂತ ಮೇಲೆ ಬರ್ದಿದ್ದೀಯಲ್ಲ, ಹಾಗಾಗಿ ಮುಲಾಜಿಲ್ದೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ವಿಷಯ ಚೆನ್ನಾಗಿ ಹಿಡ್ಕೊಂಡಿದ್ದೀಯ. ಅಮೆರಿಕದ ಹಳೇ ಟಿವಿ ಗೇಮ್ ಶೋಗಳು, ಅದ್ರಲ್ಲೂ ಎರಡು ವರ್ಷನೂ ನೆಟ್ಟಗೆ ಓಡ್ದೆ ನಿಂತ್ಹೋದವು, ಇದರ ಬಗ್ಗೆ ಇಷ್ಟು ಆಸೆಪಟ್ಟು ಬರೆಯೋರು ಕಮ್ಮಿ. ಆದ್ರೆ ಪ್ರತಿ ಪ್ಯಾರಾದಲ್ಲೂ ಅದೇ ಕಥೆ: ಶೋ ಹೆಸರು, ಯಾವ ಚಾನೆಲ್ಲು, ಯಾವತ್ತು ಶುರು, ಯಾವತ್ತು ಬಂದ್, ಹೋಸ್ಟ್ ಯಾರು, ಕೊನೆಗೆ "ಎಂಥಾ ಅದ್ಭುತ ಶೋ, ಛೇ" ಅಂತ ಒಂದು ನಿಟ್ಟುಸಿರು. ಮೂರನೇ ಶೋ ಹೊತ್ತಿಗೆ ಪೇಪರಲ್ಲಿ ಶ್ರದ್ಧಾಂಜಲಿ ಕಾಲಂ ಓದ್ತಿರೋ ಹಾಗಾಯ್ತು ನಂಗೆ.

"ಇನ್ನೂ ಓಡಬೇಕಿತ್ತು" ಅಂತ ನೀನು ಅಂದ ತಕ್ಷಣ ಓದೋನು "ಯಾಕಪ್ಪಾ?" ಅಂತ ಕೇಳೇ ಕೇಳ್ತಾನೆ. ಸಖತ್ತಾಗಿತ್ತು ಅಂದ್ರೆ ಅವನಿಗೇನು ಗೊತ್ತಾಗ್ಬೇಕು, ಅವನು ಆ ಶೋ ನೋಡಿಲ್ಲ, ಇನ್ಮೇಲೆ ನೋಡೋ ಚಾನ್ಸೂ ಅಷ್ಟಕ್ಕಷ್ಟೇ. ಆಟ ಹೇಗೆ ಆಡ್ತಿದ್ರು, ಆಡೋನ ಎದೆ ಯಾವಾಗ ಢವಢವ ಅಂತಿತ್ತು, ಅದನ್ನ ಅವನ ಕಣ್ಮುಂದೆ ಒಂದು ರೌಂಡ್ ಆಡ್ಸಿ ತೋರ್ಸು. ಆಟ ಹಿಡಿಸ್ತು ಅಂದ್ರೆ "ಅಯ್ಯೋ, ಇದನ್ನ ನಿಲ್ಲಿಸ್ಬಿಟ್ರಾ" ಅಂತ ಅವನೇ ಅಂತಾನೆ, ನಿನ್ನ ನಿಟ್ಟುಸಿರಿನ ಖರ್ಚು ಉಳಿಯುತ್ತೆ.

ವ್ಹ್ಯೂ ಶೋನೇ ತಗೋ. ನೀನು ಬರ್ದಿರೋದು: ಸಿಬಿಎಸ್ ಚಾನೆಲ್, 1979ರ ಏಪ್ರಿಲ್‌ನಿಂದ 1980ರ ಮೇ, ಹೋಸ್ಟ್ ಟಾಮ್ ಕೆನಡಿ, "ತುಂಬಾ ಫಾಸ್ಟ್ ಆಟ". ಫಾಸ್ಟ್ ಅಂದ್ರೆ ಹೇಗೆ ಫಾಸ್ಟು? ಇಬ್ರು ಆಟಗಾರರು. ಒಬ್ಬ 60 ಸೆಕೆಂಡಲ್ಲಿ ಆರು ಹಂತ ದಾಟ್ಬೇಕು, ಪ್ರತಿ ಹಂತದಲ್ಲಿ ಒಂದು ಸರಿ ಉತ್ತರ ಕೊಟ್ರೆ ಸಾಕು. ಇನ್ನೊಬ್ಬ ಆಟ ಶುರುವಾಗೋಕೆ ಮುಂಚೆನೇ ಬೋರ್ಡಲ್ಲಿ ಅಲ್ಲಲ್ಲಿ ಗುಟ್ಟಾಗಿ ಬ್ಲಾಕ್ ಇಟ್ಟಿರ್ತಾನೆ, ಓಡೋನು ಆ ಚೌಕ ಆರಿಸ್ಕೊಂಡ್ರೆ ಐದು ಸೆಕೆಂಡ್ ಖೋತಾ. ಬ್ಲಾಕ್ ಇಲ್ದಿದ್ರೆ ಒಂದು ತಪ್ಪು ವಾಕ್ಯ ಬರುತ್ತೆ, ಅದನ್ನ ಸರಿ ಮಾಡ್ಬೇಕು. ಉದಾಹರಣೆಗೆ, ಇದು ನಾನೇ ಕಟ್ಟಿದ್ದು, "ಚಂದ್ರನ ಮೇಲೆ ಮೊದಲು ಕಾಲಿಟ್ಟೋನು ಲೂಯಿ ಆರ್ಮ್‌ಸ್ಟ್ರಾಂಗ್". ತಲೆಯಲ್ಲಿ ಆ ಕಹಳೆ ಊದೋ ಮನುಷ್ಯ ಬಂದು ಹೋಗೋದ್ರೊಳಗೆ "ನೀಲ್!" ಅಂತ ಬಾಯಿಂದ ಬೀಳ್ಬೇಕು, ಬೀಳ್ಲಿಲ್ವಾ, ಪಕ್ಕದ ಚೌಕಕ್ಕೆ ಓಡು, ಅಲ್ಲಿ ಬ್ಲಾಕ್ ಇದ್ರೆ ಇನ್ನೈದು ಸೆಕೆಂಡ್ ಹೋಯ್ತು. ಟೈಮ್ ಸಾಲಲ್ಲ ಅನ್ಸಿದ್ರೆ "ಲಾಂಗ್‌ಶಾಟ್" ಅಂತ ಕೂಗಿ ನೇರ ಕೊನೇ ಹಂತಕ್ಕೆ ಹಾರ್ಬೋದು, ಆದ್ರೆ ಎದುರಾಳಿಗೆ ಅಲ್ಲೊಂದು ಬ್ಲಾಕ್ ಇಡೋ ಅವಕಾಶ ಸಿಗುತ್ತೆ, ಅದಕ್ಕೇ ಹೋಗಿ ಬಡಿದ್ರೆ ಆಟ ಮುಗೀತು. ನೋಡ್ದಾ, ಒಂದೇ ಆಟದಲ್ಲಿ ಜ್ಞಾನ, ಓಟ, ಜೂಜು, ಪಕ್ಕದೋನ ಮನಸ್ಸು ಓದೋದು, ನಾಲ್ಕೂ ಇದೆ. ಗೆದ್ದೋನಿಗೆ ಕೊನೆಯಲ್ಲಿ ಹತ್ತು ಕಾರ್ಟೂನ್ ವಿಲನ್‌ಗಳ ಸಾಲು, ಒಬ್ಬೊಬ್ಬನ ಹತ್ರ ಒಂದೊಂದು ತಪ್ಪು ವಾಕ್ಯ, ಎಲ್ರನ್ನೂ ದಾಟಿದ್ರೆ 25,000 ಡಾಲರ್. ಇಷ್ಟು ಹೇಳಿದ ಮೇಲೆ "ಅದ್ಭುತ" ಅನ್ನೋ ಪದ ಎಲ್ಲೂ ಬೇಕಾಗಲ್ಲ.

ಇದೇ ಆಟದ ತೊಂದ್ರೆನೂ ಇಲ್ಲೇ ಇದೆ, ಅದನ್ನ ಮುಚ್ಚಿಡ್ಬೇಡ. ಬೆಳಗ್ಗೆ ಹೊತ್ತಲ್ಲಿ ಮನೆಕೆಲಸ ಮಾಡ್ತಾ ಅರ್ಧ ಕಣ್ಣಲ್ಲಿ ಟಿವಿ ನೋಡೋರಿಗೆ ಈ ಆಟ ಮಧ್ಯದಿಂದ ನೋಡಿದ್ರೆ ತಲೆಬುಡ ಗೊತ್ತಾಗಲ್ಲ. 1979ರ ನವೆಂಬರಲ್ಲಿ ಸೆಲೆಬ್ರಿಟಿಗಳನ್ನ ತಂದು ಕೂರ್ಸಿದ್ರು, ಶೋ ಹೆಸರಿಗೇ ಸೆಲೆಬ್ರಿಟಿ ಅಂತ ಸೇರ್ಸಿದ್ರು, ಆಮೇಲೂ ಕೆಲವೇ ತಿಂಗಳು. ಇಷ್ಟಪಟ್ಟ ಶೋದ ಹುಳುಕು ನೀನೇ ಹೇಳಿದ್ರೆ ಓದೋನಿಗೆ ನಿನ್ನ ಮೇಲೆ ನಂಬಿಕೆ ಬರುತ್ತೆ, ಬರೀ ಫ್ಯಾನ್ ಅಂತ ತಳ್ಳಿಹಾಕಲ್ಲ.

ಬ್ಲ್ಯಾಕೌಟ್ ಬಗ್ಗೆ ನೀನು ಬರ್ದಿರೋ ಎರಡೇ ಎರಡು ವಾಕ್ಯ ನೋಡಿ ನಂಗೆ ಹೊಟ್ಟೆ ಉರೀತು. ಇಡೀ ಲೇಖನದಲ್ಲಿ ಅತಿ ಒಳ್ಳೇ ಐಡಿಯಾ ಅದೇ ಕಣೋ! 1988ರ ಜನವರಿಯಲ್ಲಿ ಶುರು, ಏಪ್ರಿಲ್ ಒಂದಕ್ಕೆ ಬಂದ್, ಬಾಬ್ ಗೋಯನ್ ಹೋಸ್ಟು. ಒಬ್ಬ ಆಟಗಾರನಿಗೆ ಒಂದು ಪದ ಕೊಡ್ತಾರೆ, ಅವನು ಅದನ್ನ ಸುಮಾರು 20 ಸೆಕೆಂಡ್ ವರ್ಣಿಸಿ ರೆಕಾರ್ಡ್ ಮಾಡ್ತಾನೆ. ಆಮೇಲೆ ಆ ರೆಕಾರ್ಡಿಂಗನ್ನ ಅವನ ಪಾರ್ಟ್ನರ್‌ಗೆ ಕೇಳಿಸ್ತಾರೆ, ಆದ್ರೆ ಎದುರಾಳಿ ಕೈಯಲ್ಲಿ ಒಂದು ಬಟನ್ ಇರುತ್ತೆ, ಒಟ್ಟು ಏಳು ಸೆಕೆಂಡ್ ಆಡಿಯೋನ ಅವನು ನುಂಗಿಹಾಕ್ಬೋದು. ಯಾವ ಏಳು ಸೆಕೆಂಡ್ ಅನ್ನೋದೇ ಮಜಾ. ಅವಸರದಲ್ಲಿ ಮೊದಲೇ ಒತ್ತಿಬಿಟ್ರೆ ಮುಖ್ಯ ಸುಳಿವು ಬರೋ ಹೊತ್ತಿಗೆ ಬಟನ್ ಖಾಲಿ, ಕಾಯ್ತಾ ಕೂತ್ರೆ ಸುಳಿವು ಆಗ್ಲೇ ಕಿವಿಗೆ ಬಿದ್ದಾಗಿರುತ್ತೆ. ಹೇಳೋನೂ ಹುಷಾರಾಗಿರ್ಬೇಕು, ಗಟ್ಟಿ ಸುಳಿವನ್ನ ಒಂದೇ ಕಡೆ ಇಡೋ ಹಾಗಿಲ್ಲ, ಹಿಂದೊಂದು ಮುಂದೊಂದು ಹರಡ್ಬೇಕು. ಹೀಗೆ ಪತ್ತೆ ಮಾಡಿದ ಪದಗಳು ಒಂದು ವಾಕ್ಯದ ಖಾಲಿ ಜಾಗದಲ್ಲಿ ಕೂರ್ತವೆ, ಆ ವಾಕ್ಯ ಮತ್ತೊಂದು ಒಗಟು. ಇದನ್ನ ಮನೇಲಿ ಮೊಬೈಲ್ ಇಟ್ಕೊಂಡು ಯಾರು ಬೇಕಾದ್ರೂ ಆಡ್ಬೋದು, ನೀನೂ ಫ್ರೆಂಡ್ಸ್ ಜೊತೆ ಒಂದ್ಸಲ ಆಡಿ ನೋಡು, ಆಮೇಲೆ ಬರಿ, ಬರವಣಿಗೆ ತಾನಾಗೇ ಬದಲಾಗುತ್ತೆ. ಪಿರಮಿಡ್ ಅನ್ನೋ ಜನಪ್ರಿಯ ಆಟನ ಎಬ್ಬಿಸಿ ಆ ಜಾಗಕ್ಕೆ ಇದನ್ನ ಕೂರ್ಸಿದ್ರು, ನೋಡೋರಿಗೆ ಮೊದಲ ದಿನದಿಂದ್ಲೇ ಸಿಟ್ಟಿದ್ರೆ ಆಶ್ಚರ್ಯ ಏನಿಲ್ಲ. ಇದು ಆಟದ ತಪ್ಪಲ್ಲ, ಟೈಮ್‌ಟೇಬಲ್ ಮಾಡಿದೋರದ್ದು.

ಕಾರಣಗಳ ಬಗ್ಗೆ ಹೇಳ್ಬೇಕಿತ್ತು ನಾನು. ನೀನು ಎಲ್ಲಾ ಕಡೆ "ರೇಟಿಂಗ್ ಬರಲಿಲ್ಲ" ಅಂತ ಒಂದೇ ಸೀಲ್ ಒತ್ತಿದ್ದೀಯ. ರೇಟಿಂಗ್ ಯಾಕೆ ಬರಲಿಲ್ಲ ಅನ್ನೋದು ಶೋದಿಂದ ಶೋಗೆ ಬೇರೆ. ಅಮೆರಿಕದಲ್ಲಿ ನೆಟ್‌ವರ್ಕ್ ಒಂದು ಡೇಟೈಮ್, ಅಂದ್ರೆ ಹಗಲು ಹೊತ್ತಿನ, ಶೋ ಕೊಟ್ರೂ ಲೋಕಲ್ ಸ್ಟೇಷನ್‌ಗಳು ಹಾಕ್ಲೇಬೇಕು ಅಂತೇನಿರ್ಲಿಲ್ಲ, ತಮ್ಮದೇ ಪ್ರೋಗ್ರಾಂ ಹಾಕ್ಕೊಂಡು ಕೂತ್ರೆ ಆ ಊರಲ್ಲಿ ಶೋ ಬರೋದೇ ಇಲ್ಲ, ಬರದೇ ಇರೋ ಶೋಗೆ ರೇಟಿಂಗ್ ಎಲ್ಲಿಂದ ಬರುತ್ತೆ. ಇನ್ನು ಕೆಲವು ಶೋಗಳಿಗೆ ಮುಹೂರ್ತನೇ ಸರಿ ಇರ್ಲಿಲ್ಲ. 1999ರ ಆಗಸ್ಟಲ್ಲಿ ಎಬಿಸಿಯಲ್ಲಿ ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್ ಅನ್ನೋ ಕ್ವಿಜ್ ಶೋ ಬಂದು ಧೂಳೆಬ್ಬಿಸ್ತು, ಅದರ ಹಿಂದೆನೇ ಎಲ್ರೂ ಕ್ವಿಜ್ ಶೋ ತಂದ್ರು: ನವೆಂಬರಲ್ಲಿ ಫಾಕ್ಸ್‌ನಲ್ಲಿ ಗ್ರೀಡ್, 2000ದ ಜನವರಿಯಲ್ಲಿ ಎನ್‌ಬಿಸಿಯಲ್ಲಿ ಟ್ವೆಂಟಿ ಒನ್, ಅದೇ ತಿಂಗಳು ಸಿಬಿಎಸ್‌ನಲ್ಲಿ ವಿನ್ನಿಂಗ್ ಲೈನ್ಸ್. ಎಲ್ಲಾ ಒಟ್ಟಿಗೆ ಬಂದ ಮೇಲೆ ನೋಡೋರಿಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಗೆ ತಿಳಿಬೇಕು.

ಆದ್ರೆ ವ್ಯತ್ಯಾಸ ಇತ್ತು! ಗ್ರೀಡ್‌ನಲ್ಲಿ ಒಂದು ಟೀಮ್ ಸೇರಿ ಆಡ್ತಾ ಇರೋವಾಗ್ಲೇ ಟರ್ಮಿನೇಟರ್ ಅಂತ ಒಂದು ಬರ್ತಿತ್ತು. ಟೀಮಲ್ಲಿ ಯಾರೋ ಒಬ್ಬನ ಹೆಸರು ಬಂದು ನಿಲ್ಲುತ್ತೆ, ಅವನ ಮುಂದೆ 10,000 ಡಾಲರ್, ಅದನ್ನ ತಗೊಂಡು ತನ್ನದೇ ಟೀಮಿನ ಒಬ್ಬನನ್ನ ಒಂದೇ ಪ್ರಶ್ನೆಯ ಪಂದ್ಯಕ್ಕೆ ಕರೀಬೋದು, ಸೋತೋನು ಮನೆಗೆ, ಅವನ ಪಾಲು ಗೆದ್ದೋನಿಗೆ. ಈಗ ತಾನೇ ಒಟ್ಟಿಗೆ ತಲೆ ಕೆಡಿಸ್ಕೊಂಡು ಉತ್ತರ ಹುಡುಕಿದೋರು ಮುಖಕ್ಕೆ ಮುಖ ಕೊಟ್ಟು ನಿಲ್ಬೇಕು. ಅಂಥ ಶೋ 2000ದ ಜುಲೈಗೆ ಮುಗೀತು. ವಿನ್ನಿಂಗ್ ಲೈನ್ಸ್ ಅಂತೂ ಅಮೆರಿಕದಲ್ಲಿ ಫೆಬ್ರವರಿ ದಾಟ್ಲಿಲ್ಲ, ಬ್ರಿಟನ್ನಲ್ಲಿ ಅದೇ ಆಟ ಬಿಬಿಸಿಯಲ್ಲಿ ವರ್ಷಗಟ್ಟಲೆ ಓಡ್ತು. ಅದರ ಶುರು ನಂಗೆ ಬೋರು, 49 ಜನನ್ನ ಕೂರ್ಸಿ ಸೋಸೋದು, ನೋಡೋನಿಗೆ ಯಾರ ಮುಖನೂ ನೆನಪಿರಲ್ಲ. ಕೊನೇ ರೌಂಡ್ ಇದೆಯಲ್ಲ, ವಂಡರ್‌ವಾಲ್, ಅದು ಮಾತ್ರ ಬೇರೆನೇ ಲೆವೆಲ್: ಗೋಡೆ ತುಂಬಾ 49 ಉತ್ತರ ಮೊದಲೇ ಕಾಣ್ತಿರುತ್ತೆ, ಪ್ರಶ್ನೆ ಒಂದರ ಹಿಂದೊಂದು ಬರುತ್ತೆ, ಮೂರು ನಿಮಿಷ. ಉತ್ತರ ಕಣ್ಣೆದುರೇ ಇದೆ, ನಿಂಗೆ ಗೊತ್ತೂ ಇದೆ, ಎಲ್ಲಿದೆ ಅಂತ ಮಾತ್ರ ಸಿಕ್ತಿಲ್ಲ. ಮನೇಲಿ ನೋಡೋನು "ಅಲ್ಲೇ ಎಡಗಡೆ, ಕೆಳಗೆ" ಅಂತ ಟಿವಿಗೆ ಬೈತಾ ಕೂರ್ತಾನೆ.

ಬ್ರಿಟನ್ ಅಂದಾಗ ನೆನಪಾಯ್ತು, ನಿನ್ನ ವಾದಕ್ಕೆ ಸಿಗೋ ಅತಿ ಗಟ್ಟಿ ಸಾಕ್ಷಿನ ನೀನು ಬಿಟ್ಟೇ ಬಿಟ್ಟಿದ್ದೀಯ. ದ ರಿಚ್ ಲಿಸ್ಟ್, ಫಾಕ್ಸ್, 2006ರ ನವೆಂಬರ್ ಒಂದು. ಒಂದೇ ಎಪಿಸೋಡ್, ಅಷ್ಟಕ್ಕೇ ಎತ್ತಂಗಡಿ. ಎರಡು ಟೀಮ್, ಒಂದು ವಿಷಯ ಕೊಡ್ತಾರೆ, "ನಾವು ಇದ್ರಲ್ಲಿ ಆರು ಹೆಸರು ಹೇಳ್ತೀವಿ", "ನಾವು ಎಂಟು" ಅಂತ ಹರಾಜು ಕೂಗ್ತಾ ಹೋಗ್ತಾರೆ, ಯಾರೋ ಒಬ್ರು "ಸರಿ, ಹೇಳಿ ನೋಡೋಣ" ಅನ್ನೋವರೆಗೆ. ಅಮೆರಿಕ ಬಿಸಾಕಿದ ಈ ಆಟನ ಬಿಬಿಸಿ ಹೂ ಡೇರ್ಸ್ ವಿನ್ಸ್ ಅಂತ ಹೆಸರಿಟ್ಟು 2007ರಿಂದ 2019ರವರೆಗೆ ಓಡ್ಸಿತು. ಓಡಬೇಕಿತ್ತು ಅಂತ ನೀನು ಬಾಯಿಬಡ್ಕೊಳ್ಳೋದೇ ಬೇಡ, ಓಡ್ತಲ್ಲ! ಸೆಕೆಂಡ್ ಚಾನ್ಸ್ ಕಥೆನೂ ಇದೇ ಥರ. ಎಬಿಸಿಯಲ್ಲಿ 1977ರ ಮಾರ್ಚಿಂದ ಜುಲೈ, ಅಷ್ಟೇ. ಅದನ್ನ ಮಾಡಿದ ಬಿಲ್ ಕರದರ್ಸ್ ಅದೇ ಆಟನ, ಬೋರ್ಡ್ ಮೇಲೆ ಓಡೋ ಬೆಳಕನ್ನ ನಿಲ್ಸಿ ದುಡ್ಡು ಗೆಲ್ಲೋದನ್ನ, ತಿದ್ದಿ ತೀಡಿ 1983ರ ಸೆಪ್ಟೆಂಬರಲ್ಲಿ ಪ್ರೆಸ್ ಯುವರ್ ಲಕ್ ಅಂತ ಸಿಬಿಎಸ್‌ಗೆ ತಂದ. ಹಳೇದ್ರಲ್ಲಿ ದುಡ್ಡು ಕಿತ್ಕೊಳ್ಳೋ ದೆವ್ವದ ಚಿತ್ರ ಇತ್ತು, ಹೊಸದ್ರಲ್ಲಿ ಅದು ಕುಣಿಯೋ ಕಾರ್ಟೂನ್ ವ್ಯಾಮಿ ಆಯ್ತು, ದುಡ್ಡು ಹೋದ ದುಃಖದಲ್ಲೂ ಜನ ನಗೋ ಹಾಗಾಯ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಏನು ಬದಲಾಯ್ಸಿದ್ರು ಅಂತ ತೋರ್ಸು. ಮತ್ತೆ, ಪ್ರೆಸ್ ಯುವರ್ ಲಕ್ ಬೋರ್ಡಲ್ಲಿ ಬೆಳಕು ಓಡೋ ಪ್ಯಾಟರ್ನ್ ಬಾಯಿಪಾಠ ಮಾಡಿ 1,10,237 ಡಾಲರ್ ಹೊಡ್ಕೊಂಡು ಹೋದ ಮೈಕಲ್ ಲಾರ್ಸನ್ ಕಥೆ ದಯವಿಟ್ಟು ತೆಗಿ, ಪ್ರಪಂಚಕ್ಕೆಲ್ಲಾ ಗೊತ್ತು ಅದು, ನಿನ್ನ ವಿಷಯಕ್ಕೂ ಸಂಬಂಧ ಇಲ್ಲ.

ಇನ್ನೊಂದು. ಬೇಗ ನಿಂತಿದ್ದೆಲ್ಲಾ ಪಾಪದ್ದು ಅಂದ್ಕೋಬೇಡ. 1961ರಲ್ಲಿ ಹಾಸ್ಯನಟ ಜಾಕಿ ಗ್ಲೀಸನ್ ಯು ಆರ್ ಇನ್ ದ ಪಿಕ್ಚರ್ ಅಂತ ಒಂದು ಶೋ ಮಾಡ್ದ, ಚಿತ್ರದ ತೂತಲ್ಲಿ ತಲೆ ತೂರ್ಸಿ ತಾನು ಯಾವ ಚಿತ್ರದಲ್ಲಿದ್ದೀನಿ ಅಂತ ಊಹಿಸೋದು. ಮುಂದಿನ ವಾರ ಅವನೇ ಖಾಲಿ ಸ್ಟೇಜ್ ಮೇಲೆ ಕುರ್ಚಿ ಹಾಕ್ಕೊಂಡು ಕೂತು, ಆಟ ಇಲ್ಲ ಏನಿಲ್ಲ, ಹಿಂದಿನ ವಾರದ್ದಕ್ಕೆ ಕ್ಷಮೆ ಕೇಳ್ದ. ಆ ಕ್ಷಮೆನೇ ಶೋಗಿಂತ ಚೆನ್ನಾಗಿತ್ತು ಅಂತಾರೆ. ಇಂಥದ್ದೊಂದನ್ನ ನಡುವೆ ಇಟ್ರೆ ನಿನ್ನ ಉಳಿದ ಆಯ್ಕೆಗಳಿಗೂ ತೂಕ ಬರುತ್ತೆ, ಇವನಿಗೆ ಕೆಟ್ಟದ್ದು ಯಾವ್ದು ಅಂತಲೂ ಗೊತ್ತು ಅನ್ಸುತ್ತೆ.

ಮಾಹಿತಿ ವಿಷಯದಲ್ಲಿ ಹುಷಾರು. ಎಪ್ಪತ್ತರ ದಶಕದ ಡೇಟೈಮ್ ಶೋಗಳ ಟೇಪ್‌ಗಳನ್ನ ಅಳಿಸಿ ಅದರ ಮೇಲೇ ಬೇರೆ ರೆಕಾರ್ಡ್ ಮಾಡ್ತಿದ್ರು, ಟೇಪ್ ದುಬಾರಿ, ಹಾಗಾಗಿ ಎಷ್ಟೋ ಶೋಗಳದ್ದು ಉಳಿದಿರೋದು ಬೆರಳೆಣಿಕೆ ಎಪಿಸೋಡ್. ಯೂಟ್ಯೂಬಲ್ಲಿ ಸಿಕ್ಕ ಒಂದೇ ಕ್ಲಿಪ್ ನೋಡಿ "ಪ್ರತಿದಿನ ಹೀಗೇ ಆಗ್ತಿತ್ತು" ಅಂತ ಬರೀಬೇಡ, ಆ ಎಪಿಸೋಡಲ್ಲಿ ಏನಾಯ್ತು ಅಷ್ಟು ಬರಿ. ಲಕ್ಷಗಟ್ಟಲೆ ದುಡ್ಡಿನ ಶೋಗಳೇ ಮಾಹಿತಿಯಲ್ಲಿ ಎಡವ್ತವೆ: 2010ರ ಕೊನೆಯಲ್ಲಿ ಶುರುವಾದ ಮಿಲಿಯನ್ ಡಾಲರ್ ಮನಿ ಡ್ರಾಪ್‌ನಲ್ಲಿ ಒಂದು ಜೋಡಿ, ಮೊದಲು ಮಾರಾಟಕ್ಕೆ ಬಂದಿದ್ದು ಪೋಸ್ಟ್-ಇಟ್ ಅನ್ನೋ ಅಂಟು ಚೀಟಿ ಅಂತ 8 ಲಕ್ಷ ಡಾಲರ್ ಇಟ್ಟು ಕಳ್ಕೊಂಡ್ರು, ಸರಿ ಉತ್ತರ ವಾಕ್‌ಮನ್ ಅಂತ ಶೋದೋರು ಅಂದ್ರು. ಆಮೇಲೆ ನೋಡಿದ್ರೆ ಪೋಸ್ಟ್-ಇಟ್ ಅದಕ್ಕೂ ಮುಂಚೆ 1977ರಲ್ಲೇ ಬೇರೆ ಹೆಸರಲ್ಲಿ ಕೆಲವು ಊರಲ್ಲಿ ಮಾರಾಟ ಆಗಿತ್ತು. ಆ ಶೋನೂ ಒಂದೇ ಸೀಸನ್‌ಗೆ ಮುಗೀತು.

ಈಗ ಕೆಲಸದ ಮಾತು. ಇಷ್ಟೊಂದು ಶೋ ಬೇಡ, ನಾಲ್ಕೇ ಇಟ್ಕೋ. ಬ್ಲ್ಯಾಕೌಟ್ ಮೊದಲು ಬರ್ಲಿ, ಆಮೇಲೆ ವ್ಹ್ಯೂ, ರಿಚ್ ಲಿಸ್ಟ್ ಬೇಕೇ ಬೇಕು. ನಾಲ್ಕನೇದು ನೀನು ಡ್ಯುಯೆಲ್ ಅಂತೀಯ, ನಂಗೆ ಒಪ್ಪಿಗೆ ಇಲ್ಲ. ಇಬ್ರು ಎದುರುಬದುರು, ಒಬ್ಬೊಬ್ರಿಗೆ ಹತ್ತು ಚಿಪ್ (ಪಣದ ಬಿಲ್ಲೆ), ಪ್ರಶ್ನೆಗೆ ನಾಲ್ಕು ಆಯ್ಕೆ, ಡೌಟ್ ಇದ್ರೆ ಎರಡು ಮೂರು ಉತ್ತರದ ಮೇಲೆ ಚಿಪ್ ಇಡ್ಬೋದು, ತಪ್ಪಿನ ಮೇಲಿಟ್ಟಿದ್ದು ಹೋಯ್ತು, ರೂಲ್ ಚೆನ್ನಾಗೇ ಇದೆ, ಒಪ್ತೀನಿ. ಆದ್ರೆ ಪ್ರತಿ ಸಲ ಯಾರು ಎಲ್ಲಿ ಚಿಪ್ ಇಟ್ಟಿದ್ದಾರೆ ಅಂತ ತೋರ್ಸೋಕೆ ಅವರು ಎಳೆಯೋ ಎಳೆತಕ್ಕೆ ನಂಗೆ ಆಕಳಿಕೆ ಬರ್ತಿತ್ತು. 2007ರ ಡಿಸೆಂಬರಲ್ಲಿ ಒಂದು ವಾರದ ಟೂರ್ನಮೆಂಟ್ ಥರ ಬಂದಾಗ ಇದ್ದ ಬಿಸಿ, 2008ರ ಏಪ್ರಿಲಲ್ಲಿ ರೂಲ್ಸ್ ಬದಲಾಯ್ಸಿ ವಾರಕ್ಕೊಂದು ಮಾಡಿದಾಗ ಇರ್ಲಿಲ್ಲ, ನನ್ ಪ್ರಕಾರ ಅದು ಒಂದು ವಾರಕ್ಕೇ ಸರಿಯಾದ ಆಟ. ನೀನು ಅಲ್ಲ ಅಂತೀಯ ತಾನೇ? ಹಾಗಿದ್ರೆ ಒಂದೇ ಒಂದು ಪ್ರಶ್ನೆ ತಗೊಂಡು, ಇಬ್ರ ಚಿಪ್ಪೂ ಟೇಬಲ್ ಮೇಲಿಟ್ಟು, ನಂಗೆ ಆಕಳಿಕೆ ಬರ್ದೇ ಇರೋ ಹಾಗೆ ಬರ್ದು ಕಳ್ಸು. ಮುನ್ನೂರು ಪದ ಮೀರ್ಬೇಡ, ಮತ್ತೆ ಆ ಹಾಳು "ಅದ್ಭುತ" ಒಂದಾದ್ರೂ ಕಂಡ್ರೆ ಅಲ್ಲಿಗೇ ಓದೋದು ನಿಲ್ಲಿಸ್ತೀನಿ.

ಇಂತಿ,
ನಿನ್ನಕ್ಕ