ಹರಾಜಿನ ಕೋಟಿಯಲ್ಲಿ ಕಲಾವಿದನ ಪಾಲೆಲ್ಲಿ?

ಮಾನ್ಯ ಸಂಪಾದಕರೇ,

ವರ್ಷಕ್ಕೊಮ್ಮೆ ದೊಡ್ಡ ಹರಾಜು ಸಂಸ್ಥೆಗಳ ವಹಿವಾಟಿನ ಸುದ್ದಿ ಬರುತ್ತದೆ. ಚಿತ್ರ, ವೈನ್, ವಾಚು, ಹಳೇ ನಾಣ್ಯ ಎಷ್ಟಕ್ಕೆ ಹೋದವು ಅಂತ. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಎಂ.ಎಫ್. ಹುಸೇನ್ ಅವರ ‘ಗ್ರಾಮ ಯಾತ್ರಾ’ ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು. 1954ರ ಈ ಚಿತ್ರ ದಶಕಗಳ ಕಾಲ ನಾರ್ವೆಯ ಆಸ್ಪತ್ರೆಯೊಂದರಲ್ಲಿತ್ತು. ಓದಿ ನಿಜಕ್ಕೂ ಖುಷಿಯಾಯಿತು.

ಆದರೆ ಇಷ್ಟು ಬೆಲೆ ಬಂದಾಗ ಚಿತ್ರ ಬರೆದವರಿಗೆ ಏನು ಸಿಗುತ್ತದೆ? ಹರಾಜು ಸಂಸ್ಥೆ ಕೊಳ್ಳುವವರಿಂದಲೂ ಕಮಿಷನ್ ತೆಗೆದುಕೊಳ್ಳುತ್ತದೆ, ಮಾರುವವರಿಗೆ ಲಾಭ ಇದ್ದೇ ಇದೆ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ 53ಎ ಅಂತ ಒಂದು ಕಲಂ ಇದೆ. ಮೂಲ ಚಿತ್ರವೊಂದು 10,000 ರೂಪಾಯಿಗಿಂತ ಜಾಸ್ತಿ ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಅದರಲ್ಲಿ ಪಾಲು ಸಲ್ಲಬೇಕು, ಅದು ಶೇ 10ರವರೆಗೂ ಇರಬಹುದು ಅನ್ನುತ್ತದೆ ಅದು. ನಮ್ಮ ಭಾಗದ ಎಷ್ಟು ಕಲಾವಿದರಿಗೆ ಇದು ಗೊತ್ತು ಹೇಳಿ.

ಗದಗದಲ್ಲಿ ಟಿ.ಪಿ. ಅಕ್ಕಿ, ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಕಷ್ಟಪಟ್ಟು ಚಿತ್ರಕಲಾ ಶಾಲೆ ಕಟ್ಟಿದ ನೆಲ ಇದು. ಇಲ್ಲಿ ಕಲಿತವರು ಮನೆ ಖರ್ಚಿಗೆ ಅಂತ ಚಿತ್ರ ಮಾರುತ್ತಾರೆ. ರಸೀದಿ ಇರಲ್ಲ, ಫೋಟೊ ಇರಲ್ಲ, ಯಾರು ಕೊಂಡರು ಅನ್ನೋದೂ ಬರೆದಿಟ್ಟಿರಲ್ಲ. ಮುಂದೆ ಪಾಲು ಕೇಳೋದಾದರೂ ಹೇಗೆ? ಹರಾಜಿನಲ್ಲಿ ಚಿತ್ರ ಅಸಲಿ ಅಂತ ತೋರಿಸುವುದಕ್ಕೂ ಇಂಥ ದಾಖಲೆಯೇ ಬೇಕಲ್ವಾ?

ಲಲಿತಕಲಾ ಅಕಾಡೆಮಿ ದಯವಿಟ್ಟು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕಲಾವಿದರಿಗೆ ಈ ಕಾನೂನಿನ ತಿಳಿವಳಿಕೆ ಕೊಡಲಿ. ಕನ್ನಡದಲ್ಲೇ ಮಾರಾಟ ಪತ್ರದ ಒಂದು ನಮೂನೆ ಮಾಡಿ ಹಂಚಲಿ.

– ಒಬ್ಬ ಓದುಗ, ಗದಗ