ಮೂಳೆ ಕೂಡಿತು, ಮುಷ್ಟಿ ಕೂಡಲಿಲ್ಲ: ಕೋಲಾರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಹರಾಜಿನ ಲೆಕ್ಕ ಬರೆಯುವವಳು. ಕೆಲಸಕ್ಕೆ ಮೊದಲು ಮತ್ತು ಕೆಲಸ ಮುಗಿದ ಮೇಲೆ ಬಾಕ್ಸಿಂಗ್ ಅಭ್ಯಾಸ ಮಾಡುತ್ತೇನೆ. ನಮ್ಮ ಮಂಡಿಯಲ್ಲಿ ಬಾಕ್ಸ್ ಎಂದರೆ 15 ಕಿಲೋ ಟೊಮೆಟೊ. ಹಾಗಾಗಿ ನಾನು ಬಾಕ್ಸರ್ ಎಂದರೆ ಹೊಸಬರು ಹಮಾಲಿ ಕೆಲಸದವಳೆಂದೇ ತಿಳಿಯುತ್ತಾರೆ. ತಿದ್ದುವುದನ್ನು ಬಿಟ್ಟು ಬಹಳ ದಿನವಾಯಿತು.

ಕಳೆದ ಜನವರಿಯಲ್ಲಿ ನನ್ನ ಬಲಗೈ ಮುರಿಯಿತು. ಕಲ್ಯಾಣ ಮಂಟಪವೊಂದರಲ್ಲಿ ನಡೆದ ಪಂದ್ಯ. ಎರಡನೇ ಸುತ್ತಿನಲ್ಲಿ ಎದುರಾಳಿ ತಲೆ ತಗ್ಗಿಸಿದಳು. ಗಲ್ಲಕ್ಕೆಂದು ಹೊರಟ ಏಟು ನೆತ್ತಿಗೆ ಬಿತ್ತು. ಗ್ಲೌಸಿನೊಳಗೆ ಒಣ ಕಡ್ಡಿ ಲಟಕ್ಕೆಂದ ಹಾಗಾಯಿತು. ನೋವು ಆಮೇಲೆ ಬಂತು. ಮೂರನೇ ಸುತ್ತನ್ನೂ ಆಡಿದೆ, ಎಡಗೈಯೊಂದರಲ್ಲೇ, ಸೋತೆ. ಅದು ಬುದ್ಧಿಯ ಕೆಲಸವಾಗಿರಲಿಲ್ಲ. ವೈದ್ಯರೊಬ್ಬರು ಕೈ ಹಿಡಿದು ನೋಡಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ಅವರು ಉದ್ಘಾಟನೆಯ ಗುಂಪು ಫೋಟೊ ಮುಗಿಸಿ ಹೊರಟುಹೋಗಿದ್ದರು. ರಿಂಗಿನ ಪಕ್ಕದಲ್ಲಿ ವೈದ್ಯರಿಲ್ಲದೆ ಪಂದ್ಯ ನಡೆಸಬಾರದೆಂಬುದು ಬಾಕ್ಸಿಂಗ್‌ನ ನಿಯಮ. ಎದುರಿನ ಜ್ಯೂಸ್ ಅಂಗಡಿಯವರು ಕವರಿನಲ್ಲಿ ಐಸ್ ತುಂಬಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ, "ಮನೆಯಲ್ಲಿ ಯಾರಾದರೂ ಹೊಡೆದರೇನಮ್ಮಾ?" ಎಂದು ಕೇಳಿದರು. ಇಲ್ಲ, ನಾನೇ ಹೊಡೆದದ್ದು ಎಂದೆ. ಅದಕ್ಕೆ ಪೊಲೀಸ್ ಕೇಸು ಬರೆಯಬೇಕಾಗುತ್ತದೆ ಎಂದರು. ಪಂದ್ಯದ ಗುರುತಿನ ಚೀಟಿ ತೋರಿಸಿ, ನಾನು ಹೊಡೆದಾಕೆ ಕ್ಷೇಮವಾಗಿದ್ದಾಳೆ, ಗೆದ್ದಿದ್ದೂ ಅವಳೇ ಎಂದು ವಿವರಿಸಿದ ಮೇಲೆ ನಕ್ಕರು. ಆ ಪ್ರಶ್ನೆ ಕೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವವಿದೆ. ಎಷ್ಟೋ ಹೆಣ್ಣುಮಕ್ಕಳಿಗೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಒಂದು ಕೈಯಲ್ಲಿ 27 ಮೂಳೆಗಳಿರುತ್ತವೆ. ಅಂಗೈಯಲ್ಲಿರುವ ಐದು ಉದ್ದನೆಯ ಮೂಳೆಗಳಲ್ಲಿ ಉಂಗುರದ ಬೆರಳಿನದ್ದೂ ಕಿರುಬೆರಳಿನದ್ದೂ ನನಗೆ ಮುರಿದಿದ್ದವು. ಕಿರುಬೆರಳಿನ ಕಡೆ ಹೀಗಾದರೆ ಅದಕ್ಕೆ 'ಬಾಕ್ಸರ್ ಫ್ರ್ಯಾಕ್ಚರ್' ಎಂದೇ ಹೆಸರು. ತಮಾಷೆಯೆಂದರೆ ಅದು ಹೆಚ್ಚಾಗಿ ಆಗುವುದು ಬಾಕ್ಸರುಗಳಿಗಲ್ಲ, ಸಿಟ್ಟಿನಲ್ಲಿ ಗೋಡೆಗೆ ಗುದ್ದುವವರಿಗೆ. ನಮಗೆ ಮೊದಲ ದಿನದಿಂದ ಕಲಿಸುವುದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಂದ ಹೊಡೆಯುವುದನ್ನು. ಎಕ್ಸ್‌ರೇ ನೋಡಿ ನಮ್ಮ ಕೋಚ್ ಹೇಳಿದ್ದು ಒಂದೇ ಮಾತು: "ಏಟು ಎಲ್ಲಿ ತಪ್ಪಿತೆಂದು ಇದರಲ್ಲೇ ಬರೆದಿದೆ." ಕೈ ಮುರಿದದ್ದು ನನ್ನ ತಪ್ಪು. ಅದರ ಬಗ್ಗೆ ತಮ್ಮಲ್ಲಿ ದೂರಿಲ್ಲ.

ಈ ಪತ್ರ ಬರೆಯುತ್ತಿರುವುದು ಆಮೇಲಿನ ತಿಂಗಳುಗಳ ಬಗ್ಗೆ.

ಪ್ಲಾಸ್ಟರ್ ಹಾಕಿದರು. ಬೆರಳುಗಳನ್ನು ಹಲಗೆಯ ಮೇಲೆ ಚಾಚಿದಂತೆ ನೇರವಾಗಿಟ್ಟು, ತುದಿಯವರೆಗೂ ಸುತ್ತಿದರು. ಐದು ವಾರ. ಬಲಗೈ ಇಲ್ಲದ ಮನೆಯಲ್ಲಿ ಏನೇನು ನಿಲ್ಲುತ್ತದೆಂದು ಆಗ ತಿಳಿಯಿತು. ಜಡೆಯನ್ನು ತಂಗಿ ಹಾಕುತ್ತಿದ್ದಳು. ಅನ್ನವನ್ನು ಚಮಚದಲ್ಲಿ ತಿನ್ನಬಹುದು, ಮುದ್ದೆಯನ್ನು ತಿನ್ನಲಾಗದು. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕಾದರೆ ಐದು ಬೆರಳೂ ಬೇಕು. ಎಡಗೈ ಹಾಕಲು ನನಗೇ ಮನಸ್ಸಾಗಲಿಲ್ಲ. ಇಪ್ಪತ್ತನಾಲ್ಕು ವರ್ಷದ ಮಗಳಿಗೆ ಅಮ್ಮ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದರು. ಮಂಡಿಯಲ್ಲಿ ನನ್ನ ಜಾಗಕ್ಕೆ ಬೇರೊಬ್ಬ ಹುಡುಗ ಬಂದ.

ಸೋದರಮಾವ ಪುತ್ತೂರಿಗೆ ಹೋಗೋಣ ಎಂದು ಹಟ ಹಿಡಿದರು. ಗಡಿಯಾಚೆ ಚಿತ್ತೂರಿನ ಕಡೆಯ ಪುತ್ತೂರು ಕಟ್ಟಿನ ಹೆಸರು ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಮೂಳೆ ಮುರಿದರೆ ಮುಳಬಾಗಿಲಿನ ದಾರಿ ಹಿಡಿದು ಅಲ್ಲಿಗೆ ಹೋಗುವುದು ನಮ್ಮ ಅಜ್ಜನ ಕಾಲದಿಂದಲೂ ನಡೆದುಬಂದಿದೆ. ನಾನು ಹೋಗಲಿಲ್ಲ. ಅಂಗೈಯ ಮೂಳೆ ಚೂರು ತಿರುಚಿ ಕೂಡಿದರೂ ಮುಷ್ಟಿ ಕಟ್ಟಿದಾಗ ಒಂದು ಬೆರಳು ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ, ಅದನ್ನು ಎಕ್ಸ್‌ರೇ ಇಲ್ಲದೆ ಬಿಡಬಾರದೆಂದು ಕೋಚ್ ಎಚ್ಚರಿಸಿದ್ದರು. ಆದರೆ ಜನ ಏಕೆ ಹೋಗುತ್ತಾರೆಂದು ನನಗೀಗ ಅರ್ಥವಾಗಿದೆ. ಕಟ್ಟು ಕಟ್ಟುವವರು ರೋಗಿಯ ಜೊತೆ ಮಾತನಾಡುತ್ತಾರೆ. ಯಾವ ದಿನ ಬರಬೇಕು, ಏನು ತಿನ್ನಬೇಕು, ಯಾವಾಗ ಕೈ ಎತ್ತಬೇಕು, ಎಲ್ಲವನ್ನೂ ಹೇಳಿ ಕಳುಹಿಸುತ್ತಾರೆ. ನನ್ನ ಪ್ಲಾಸ್ಟರ್ ಬಿಚ್ಚಿದ ದಿನ ನನಗೆ ಸಿಕ್ಕಿದ್ದು ಇಷ್ಟು: "ಮೂಳೆ ಕೂಡಿದೆ. ಕೈ ಆಡಿಸುತ್ತಿರು, ಸರಿಹೋಗುತ್ತದೆ." ಹೇಗೆ ಆಡಿಸಬೇಕು? ದಿನಕ್ಕೆ ಎಷ್ಟು ಸಲ? ನೋವಾದರೆ ನಿಲ್ಲಿಸಬೇಕೋ ಮುಂದುವರಿಸಬೇಕೋ? ಹಿಂದೆ ನಿಂತಿದ್ದವರ ಸರದಿ ಬಂದಾಗಿತ್ತು.

ಆ ದಿನ ಬಸ್ಸಿನಲ್ಲಿ ಕೂತು ಕೈ ನೋಡಿಕೊಂಡೆ. ಸಿಪ್ಪೆ ಸುಲಿದ ಗೆಣಸಿನಂತೆ ಬಿಳಿಚಿಕೊಂಡಿತ್ತು. ಬೆರಳುಗಳು ಮಡಿಸಲು ಒಪ್ಪಲಿಲ್ಲ. ಕಂಡಕ್ಟರ್ ಕೊಟ್ಟ ಚಿಲ್ಲರೆ ಅಂಗೈಯಿಂದ ಜಾರಿಬಿತ್ತು.

ಮೂರು ವಾರ ನನಗೆ ತೋಚಿದಂತೆ ಆಡಿಸಿದೆ. ಏನೂ ಆಗಲಿಲ್ಲ. ಕೊನೆಗೆ ಪರಿಚಯದವರ ಮೂಲಕ ಬೆಂಗಳೂರಿನಲ್ಲಿ ಕೈಗೆಂದೇ ಫಿಸಿಯೊಥೆರಪಿ ಮಾಡುವವರೊಬ್ಬರನ್ನು ಕಂಡೆ. ಅವರು ಮೊದಲು ಕೇಳಿದ್ದು ಪ್ಲಾಸ್ಟರಿನೊಳಗೆ ಬೆರಳು ಹೇಗಿತ್ತು ಎಂದು. ಹೇಳಿದೆ. ಅವರು ತಮ್ಮ ಕೈಯನ್ನು ಮಕ್ಕಳು ಹಾವಿನ ಹೆಡೆ ಮಾಡುವಂತೆ ಬಾಗಿಸಿ ತೋರಿಸಿದರು. ಬೆರಳಿನ ಬುಡದ ಗೆಣ್ಣು ಮಡಿಸಿರಬೇಕು, ಮುಂದಿನ ಗೆಣ್ಣುಗಳು ನೇರ ಇರಬೇಕು, ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿರಬೇಕು. ಕಾರಣವೂ ಸರಳ. ಬುಡದ ಗೆಣ್ಣಿನ ಎರಡೂ ಪಕ್ಕದ ಕಟ್ಟುನಾರುಗಳು ಬೆರಳು ನೇರವಿದ್ದಾಗ ಸಡಿಲವಾಗಿರುತ್ತವೆ, ಮಡಿಸಿದಾಗ ಬಿಗಿಯಾಗುತ್ತವೆ. ಸಡಿಲವಿದ್ದಾಗಲೇ ವಾರಗಟ್ಟಲೆ ಕಟ್ಟಿಟ್ಟರೆ ಅವು ಕುಗ್ಗಿ ಗಿಡ್ಡವಾಗಿಬಿಡುತ್ತವೆ, ಆಮೇಲೆ ಮಡಿಸಲು ಬಿಡುವುದಿಲ್ಲ. ಶಾಸಕರೇ, ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಕಾಗಿರಲಿಲ್ಲ. ಅದೇ ಪ್ಲಾಸ್ಟರ್, ಅದೇ ಬಟ್ಟೆ, ಕೈ ಇಡುವ ರೀತಿ ಮಾತ್ರ ಬೇರೆ.

ಅವರು ಹೇಳಿಕೊಟ್ಟದ್ದನ್ನು ಮನೆಯಲ್ಲಿ ದಿನಕ್ಕೆ ಐದು ಸಲ ಮಾಡಿದೆ. ಬಿಸಿನೀರಿನಲ್ಲಿ ಕೈ ಅದ್ದುವುದು, ಬೆರಳುಗಳನ್ನು ಕೊಕ್ಕೆಯಂತೆ, ಮೇಜಿನಂತೆ, ಮುಷ್ಟಿಯಂತೆ ಒಂದಾದ ಮೇಲೊಂದು ಮಡಿಸುವುದು. ಹಿಸುಕಲು ಒಂದು ಬಗೆಯ ಜಿಗುಟು ಉಂಡೆ ತೆಗೆದುಕೊಳ್ಳಲು ಹೇಳಿದ್ದರು. ಅದರ ಬೆಲೆ ಕೇಳಿದ ಅಮ್ಮ ಸುಮ್ಮನೆ ಒಳಗೆ ಹೋಗಿ, ಉಳಿದ ಮುದ್ದೆಗೆ ಎಣ್ಣೆ ಕೈ ಸವರಿ ತಂದುಕೊಟ್ಟರು. ಮೊದಲು ಬೆಚ್ಚಗಿನ ಮುದ್ದೆ, ಬೆರಳಿಗೆ ಬಲ ಬಂದಂತೆ ಆರಿ ಗಟ್ಟಿಯಾದ ಮುದ್ದೆ. ಆಮೇಲೆ ರಾಗಿ ಡಬ್ಬದೊಳಗೆ ಕೈ ಹೂತು, ಒಳಗೇ ಬೆರಳು ಅಗಲಿಸಿ, ಮುಷ್ಟಿ ಕಟ್ಟುವುದು. ಬೆಂಗಳೂರಿನವರು ಇದನ್ನು ಕೇಳಿ ನಕ್ಕರು, ಆದರೆ ಬೇಡವೆನ್ನಲಿಲ್ಲ.

ಮುಷ್ಟಿ ಪೂರ್ತಿ ಕಟ್ಟಲು ಬಂದದ್ದು ಮೇ ಕೊನೆಗೆ. ಮೊದಲು ಗಾಳಿಗೆ ಗುದ್ದು, ಆಮೇಲೆ ಕೋಚ್ ಹಿಡಿದ ಮೆತ್ತನೆಯ ಪ್ಯಾಡಿಗೆ, ಬಹಳ ತಡವಾಗಿ ಚೀಲಕ್ಕೆ. ಕೈ ಸಿದ್ಧವಾದ ಮೇಲೂ ತಲೆ ಸಿದ್ಧವಾಗಿರಲಿಲ್ಲ. ಚೀಲ ಮುಟ್ಟುವ ಕ್ಷಣದಲ್ಲಿ ಭುಜ ತಾನಾಗಿ ಬ್ರೇಕ್ ಹಾಕುತ್ತಿತ್ತು. ಈಗಲೂ ಒಮ್ಮೊಮ್ಮೆ ಹಾಕುತ್ತದೆ. ಒಂದು ಲಾಭವೂ ಆಯಿತೆನ್ನಿ: ತಿಂಗಳುಗಟ್ಟಲೆ ಎಡಗೈಯೊಂದನ್ನೇ ದುಡಿಸಿದ್ದರಿಂದ ನನ್ನ ಜ್ಯಾಬ್, ಅಂದರೆ ಎಡಗೈಯ ನೇರ ಏಟು, ಈಗ ಮೊದಲಿಗಿಂತ ಚುರುಕು.

ಆ ಬೆಂಗಳೂರಿನ ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದವರು ಬಂಗಾರಪೇಟೆ ಕಡೆಯ ಒಬ್ಬ ಹೆಂಗಸು. ಹಸು ಒದ್ದು ಕೈ ಮುರಿದಿತ್ತು. ಮುಷ್ಟಿ ಬಿಗಿಯಲಾಗದಿದ್ದರೆ ಹಾಲು ಕರೆಯುವುದು ಹೇಗೆ? ಇನ್ನೊಬ್ಬರು ರೇಷ್ಮೆ ನೂಲು ತೆಗೆಯುವವರು. ಇಲ್ಲಿಂದ ಸುಮಾರು 70 ಕಿ.ಮೀ. ಹೋಗಿ, ಇಪ್ಪತ್ತು ನಿಮಿಷ ಬೆರಳು ಮಡಿಸಿ, ಮತ್ತೆ 70 ಕಿ.ಮೀ. ಬರಬೇಕು. ಒಂದು ದಿನದ ಕೂಲಿ ಹೋಗುತ್ತದೆ. ಮೂರನೇ ವಾರದಿಂದ ಆ ಹಾಲಿನ ಅಕ್ಕ ಬರಲಿಲ್ಲ. ನಮ್ಮದು ಹಾಲು, ರೇಷ್ಮೆ, ಟೊಮೆಟೊ ನಂಬಿದ ಜಿಲ್ಲೆ. ಮೂರೂ ಬೆರಳಿನ ತುದಿಯಲ್ಲಿವೆ.

ನನ್ನ ಆಯುಷ್ಮಾನ್ ಕಾರ್ಡನ್ನೂ ಹಿಡಿದುಕೊಂಡು ಓಡಾಡಿದೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಒಳ್ಳೆಯ ಯೋಜನೆ, ನಮ್ಮ ಬೀದಿಯಲ್ಲೇ ಅದರಿಂದ ಬದುಕಿದವರಿದ್ದಾರೆ. ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಆಪರೇಷನ್ ಮಾಡಿ ಕೈಯೊಳಗೆ ತಂತಿ ತೂರಿಸಿದ್ದರೆ ನಾನು ಲೆಕ್ಕಕ್ಕೆ ಬರುತ್ತಿದ್ದೆನೇನೋ. ಬೆಳಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರುವ ಬೆರಳಿನ ಚಿಕಿತ್ಸೆಗೆ ಅದರಲ್ಲಿ ಜಾಗವಿಲ್ಲ.

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಕೋಲಾರದಲ್ಲಿ ವಾರಕ್ಕೆ ಎರಡು ಮಧ್ಯಾಹ್ನ, ಕೈಯ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬ ಫಿಸಿಯೊಥೆರಪಿಸ್ಟ್ ಸರ್ಕಾರಿ ವ್ಯವಸ್ಥೆಯಲ್ಲಿ ಸಿಗುವಂತೆ ಮಾಡಿ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯ ಕಲ್ಲೂ ಬೇಡ. ಒಂದು ಮೇಜು, ಎರಡು ಬೆಂಚು, ಒಂದು ಬಿಸಿನೀರಿನ ಪಾತ್ರೆ ಸಾಕು. ಪ್ಲಾಸ್ಟರ್ ಬಿಚ್ಚುವ ಪ್ರತಿಯೊಬ್ಬರ ಕೈಗೂ ಏನು ಮಾಡಬೇಕೆಂದು ಚಿತ್ರಸಹಿತ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಸಿಗಲಿ. ಗಡಿ ಜಿಲ್ಲೆ ನಮ್ಮದು, ಹಾಳೆಯ ಹಿಂಬದಿಯಲ್ಲಿ ತೆಲುಗಿನಲ್ಲೂ ಇದ್ದರೆ ಇನ್ನೂ ಒಳ್ಳೆಯದು. ಪಂದ್ಯಗಳ ವಿಚಾರದಲ್ಲಿ ಒಂದೇ ಮಾತು: ಯಾವುದಾದರೂ ಕುಸ್ತಿ, ಕರಾಟೆ, ಬಾಕ್ಸಿಂಗ್ ಪಂದ್ಯದ ಉದ್ಘಾಟನೆಗೆ ತಮ್ಮನ್ನು ಕರೆದಾಗ, ದೀಪ ಹಚ್ಚುವ ಮೊದಲು, "ವೈದ್ಯರು ಕೊನೆಯ ಪಂದ್ಯದವರೆಗೂ ಇರುತ್ತಾರೆಯೇ?" ಎಂದು ಮೈಕಿನಲ್ಲೇ ಕೇಳಿಬಿಡಿ. ತಾವು ಕೇಳಿದರೆ ಇರುತ್ತಾರೆ. ನಾನು ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಈ ಪತ್ರದ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಬೆರಳು ಮಡಿಸುವ ಐದು ಚಿತ್ರಗಳಿವೆ, ಫಿಸಿಯೊಥೆರಪಿಸ್ಟ್ ಬರೆದುಕೊಟ್ಟದ್ದನ್ನು ನೋಡಿ ನನ್ನ ತಂಗಿ ಬಿಡಿಸಿದ್ದು. ಕೆಳಗಿನ ಕನ್ನಡ ವಿವರಣೆ ನನ್ನದು. ತಪ್ಪಿದ್ದರೆ ವೈದ್ಯರಿಂದ ತಿದ್ದಿಸಿ ಅಚ್ಚು ಹಾಕಿಸಿ. ಮೂರನೇ ಚಿತ್ರದಲ್ಲಿ ಹೆಬ್ಬೆರಳು ಸ್ವಲ್ಪ ಉದ್ದವಾಗಿದೆ, ಅದನ್ನು ಮನ್ನಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಕೋಲಾರದ ಒಬ್ಬ ಮತದಾರಳು