ಒಗಟಿನ ಉತ್ತರ ಮುಂದಿನ ವಾರ ಕೊಡಿ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ಸ್ಕೈರಿಮ್’ ಎಂಬ ವಿಡಿಯೊ ಗೇಮ್ ಆಡಲು ಹೊರಟ ಹೊಸಬರಿಗೆಂದು ಪ್ರಕಟವಾದ ಸಲಹೆಗಳನ್ನು ಓದಿದೆ. ಒಳ್ಳೆಯ ಕತ್ತಿ ಎಲ್ಲಿ ಸಿಗುತ್ತದೆ, ಯಾವ ಬಾಗಿಲ ಒಗಟಿಗೆ ಯಾವ ಉತ್ತರ ಎಂಬುದನ್ನೆಲ್ಲ ಲೇಖಕರು ಆರಂಭದಲ್ಲೇ ಒಪ್ಪಿಸಿಬಿಟ್ಟಿದ್ದಾರೆ. ಲೆಕ್ಕಪತ್ರ ವಿಭಾಗದಲ್ಲಿ 34 ವರ್ಷ ದುಡಿದು ನಿವೃತ್ತನಾದ ನಾನು ಈ ಆಟಕ್ಕೆ ಕೈ ಹಾಕಿದ್ದು 63ನೆಯ ವಯಸ್ಸಿನಲ್ಲಿ, ಮೊಮ್ಮಗಳ ಕಾಟ ತಾಳಲಾರದೆ. ಆಗ ಇಂಥ ಲೇಖನ ನನ್ನ ಕಣ್ಣಿಗೆ ಬೀಳದಿದ್ದುದು ನನ್ನ ಪುಣ್ಯ.

2011ರಲ್ಲಿ ಬಂದ ಆಟವಿದು. ಹಳತಾಯಿತು ಎಂದು ಹುಡುಗರು ಮೂಗು ಮುರಿಯಬಹುದು. ಆಟ ಶುರುವಾದಾಗ ಕೈ ಕಟ್ಟಿಸಿಕೊಂಡು ಕೈದಿಗಳ ಗಾಡಿಯಲ್ಲಿ ಕೂತಿರುತ್ತೇವೆ. ಕತ್ತು ಹೊರಳಿಸಿ ಸುತ್ತ ನೋಡುವುದಷ್ಟೇ ಸಾಧ್ಯ. ನನ್ನಂಥವನಿಗೆ ಬೇಕಾಗಿದ್ದೂ ಅಷ್ಟೇ. ಆಟ ಆಡಿಸುವ ಕೈಹಿಡಿ ಸಾಧನದಲ್ಲಿ (ಕಂಟ್ರೋಲರ್) ಎಡ ಹೆಬ್ಬೆರಳು ನಡಿಗೆಗೆ, ಬಲ ಹೆಬ್ಬೆರಳು ನೋಟಕ್ಕೆ ಎಂದು ಹೇಳುವುದು ಸುಲಭ. ಹೆಲ್ಗನ್ ಎಂಬ ಊರಿನಲ್ಲಿ ನನ್ನ ತಲೆ ಕಡಿಯಬೇಕು ಎನ್ನುವಷ್ಟರಲ್ಲಿ ಡ್ರ್ಯಾಗನ್ ಬಂದಿಳಿಯಿತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ನಾನು ಗೋಡೆಗೆ ಮೂಗು ಒತ್ತಿಕೊಂಡು ನಿಂತಲ್ಲೇ ಓಡುತ್ತಿದ್ದೆ. ಹೆಬ್ಬೆರಳುಗಳು ಪಳಗಲು ಮೂರು ಸಂಜೆ ಹಿಡಿಯಿತು. ಹೊಸಬನ ನಿಜವಾದ ಕಷ್ಟ ಇದು. ಲೇಖನದಲ್ಲಿ ಇದಕ್ಕೊಂದು ಸಾಲೂ ಇಲ್ಲ. ಮಾತುಗಳು ಅಕ್ಷರರೂಪದಲ್ಲಿ ಪರದೆಯ ಮೇಲೆ ಬರುವಂತೆ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಮಾಡಿಕೊಳ್ಳಿ ಎಂಬ ಸೂಚನೆಯೂ ಇಲ್ಲ.

ಯೋಧನಾಗುವುದೋ ಮಂತ್ರವಾದಿಯಾಗುವುದೋ ಎಂದು ಮೊದಲೇ ತೀರ್ಮಾನಿಸಿ ಎಂಬ ಸಲಹೆಯನ್ನಂತೂ ಒಪ್ಪಲಾರೆ. ಈ ಆಟದಲ್ಲಿ 18 ಕೌಶಲಗಳಿವೆ. ಯಾವುದನ್ನು ಬಳಸುತ್ತೇವೋ ಅದು ಬೆಳೆಯುತ್ತದೆ. ರಿವರ್‌ವುಡ್ ಎಂಬ ಹಳ್ಳಿಗೆ ಹೋಗುವ ದಾರಿಯಲ್ಲಿ ಯೋಧ, ಮಂತ್ರವಾದಿ, ಕಳ್ಳ ಎಂಬ ಮೂರು ಕಲ್ಲುಗಳು ನಿಂತಿವೆ. ಮುಟ್ಟಿದ ಕಲ್ಲಿಗೆ ಸೇರಿದ ಕೌಶಲಗಳು ಬೇಗ ಕೈಗೂಡುತ್ತವೆ. ತಪ್ಪು ಕಲ್ಲು ಮುಟ್ಟಿ ಜನ್ಮವಿಡೀ ಕಳ್ಳನಾಗಿ ಉಳಿದರೆ ಏನು ಗತಿ ಎಂದು ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ಮನಸ್ಸು ಬದಲಾದರೆ ಮರಳಿ ಬಂದು ಬೇರೆಯದನ್ನು ಮುಟ್ಟಬಹುದು ಎಂದು ಆಮೇಲೆ ತಿಳಿಯಿತು.

ಇನ್ನು ಹೊರೆಯ ವಿಷಯ. ಆರಂಭದಲ್ಲಿ ಹೊರಬಹುದಾದ ತೂಕ 300. ಒಂದು ಕಬ್ಬಿಣದ ಕವಚವೇ 30 ನುಂಗುತ್ತದೆ. ಮಿತಿ ಮೀರಿದರೆ ಓಡಲಾಗದು, ಕಾಲೆಳೆದುಕೊಂಡು ನಡೆಯಬೇಕು. ನಾನೋ ಕಂಡದ್ದನ್ನೆಲ್ಲ ಹೊತ್ತುಕೊಳ್ಳುತ್ತಿದ್ದೆ. ‘ಬಕೆಟ್ ಯಾಕೆ ಅಜ್ಜ, ಪೊರಕೆ ಯಾಕೆ?’ ಎಂದು ಮೊಮ್ಮಗಳು ನಕ್ಕಳು. ಹಳೆಯ ಚಾಳಿ ಬಿಡುತ್ತದೆಯೇ? ನೋಟ್‌ಬುಕ್‌ನಲ್ಲಿ ಗೆರೆ ಎಳೆದು, ಪ್ರತಿ ವಸ್ತುವಿನ ಬೆಲೆಯನ್ನು ತೂಕದಿಂದ ಭಾಗಿಸಿ ಬರೆದೆ. ಹತ್ತಕ್ಕಿಂತ ಕಡಿಮೆ ಬಂದದ್ದನ್ನು ಅಲ್ಲೇ ಬಿಡುವುದು. ಉಂಗುರ ಪಾಸಾಯಿತು, ಕವಚ ನಪಾಸಾಯಿತು, ಪೊರಕೆಯ ಮಾತೇ ಬೇಡ.

ಮ್ಯಾಮತ್ ಎಂಬ ರೋಮದ ಆನೆಗಳನ್ನು ಕಾಯುವ ದೈತ್ಯರ ಬಗ್ಗೆ ಲೇಖಕರು ಎಚ್ಚರಿಸಿದ್ದು ಮಾತ್ರ ಸರಿ. ಕೆಣಕಿದರೆ ಒಂದೇ ಪೆಟ್ಟಿಗೆ ಆಕಾಶಕ್ಕೆ ಹಾರುತ್ತೇವೆ. ನಾನು ಹಾರಿದ್ದೇನೆ; ಮೇಲಿನ ನೋಟ ಚೆನ್ನಾಗಿತ್ತು.

ನನ್ನ ತಕರಾರು ಇರುವುದು ಒಗಟುಗಳ ಬಗ್ಗೆ. ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಹಳೆಯ ಗೋರಿಯೊಳಗೆ ತಿರುಗುವ ಮೂರು ಕಂಬಗಳಿವೆ. ಪ್ರತಿ ಕಂಬಕ್ಕೂ ಮೂರು ಮುಖ, ಮುಖಕ್ಕೊಂದು ಪ್ರಾಣಿ. ಎದುರಿಗೆ ಮುಚ್ಚಿದ ಬಾಗಿಲು, ಎಳೆಯಲು ಒಂದು ಹಿಡಿ. ನನ್ನ ಕಣ್ಣೆದುರೇ ದರೋಡೆಕೋರನೊಬ್ಬ ಅವಸರದಲ್ಲಿ ಹಿಡಿ ಎಳೆದು ಬಾಣಗಳಿಗೆ ಬಲಿಯಾದ. ಒಟ್ಟು 27 ಬಗೆಯ ಜೋಡಣೆ ಸಾಧ್ಯ ಎಂದು ಲೆಕ್ಕ ಹಾಕಿ, ಒಂದೊಂದನ್ನೇ ಬರೆದುಕೊಂಡು ಪ್ರಯೋಗಿಸಿದೆ. ಆರನೆಯ ಬಾಣದ ಮಳೆಗೆ ಪ್ರಾಣ ಹೋಯಿತು. ಸೇವ್ ಮಾಡಿಕೊಂಡಿರಲಿಲ್ಲ, ಗೋರಿಯ ಬಾಗಿಲಿನಿಂದ ಮತ್ತೆ ಬರಬೇಕಾಯಿತು. ಎರಡನೆಯ ಸಲವೂ ಸತ್ತಾಗ ಮೊಮ್ಮಗಳು ಓದುತ್ತಿದ್ದ ಪುಸ್ತಕದಿಂದ ಕಣ್ಣು ತೆಗೆಯದೆಯೇ, ‘ಅಜ್ಜ, ಗೋಡೆ ನೋಡಿದೆಯಾ?’ ಎಂದಳು. ತಲೆ ಎತ್ತಿದೆ. ಉತ್ತರವನ್ನು ಅಲ್ಲಿ ಕೆತ್ತಿಟ್ಟಿದ್ದರು. ಒಂದು ಕಲ್ಲು ಕಳಚಿ ನೆಲಕ್ಕೆ ಬಿದ್ದಿತ್ತು, ಅದನ್ನು ಹುಡುಕಲು ಇನ್ನೈದು ನಿಮಿಷ. ಹಿಡಿ ಎಳೆದೆ, ಬಾಗಿಲು ತೆರೆಯಿತು. ವರ್ಷಾಂತ್ಯದಲ್ಲಿ ಎಷ್ಟು ಹೊತ್ತಾದರೂ ತಾಳೆಯಾಗದ ಲೆಕ್ಕ ರಾತ್ರಿ ಒಮ್ಮೆಲೇ ತಾಳೆಯಾದಾಗ ಆಗುತ್ತಿದ್ದ ಸಂತೋಷವನ್ನು ನಿವೃತ್ತಿಯ ನಂತರ ಕಂಡದ್ದು ಅಂದೇ.

ಇಷ್ಟು ಹೇಳಿದ್ದೇ ಹೆಚ್ಚಾಯಿತು. ಮುಂದೆ ಚಿನ್ನದ ಪಂಜದಿಂದ ತೆರೆಯುವ ಇನ್ನೊಂದು ಬಾಗಿಲಿದೆ. ಅದರ ಗುಟ್ಟನ್ನು ನಾನು ಬಿಟ್ಟುಕೊಡುವುದಿಲ್ಲ. ನಿಮ್ಮ ಲೇಖಕರು ದಪ್ಪ ಅಕ್ಷರದಲ್ಲಿ ಹೇಳಿಯಾಗಿದೆ. ಪದಬಂಧದ ಉತ್ತರಕ್ಕೆ ನಮ್ಮನ್ನು ಒಂದು ವಾರ ಕಾಯಿಸುವ ಪತ್ರಿಕೆ ನಿಮ್ಮದು. ಮುಂದಿನ ಕಂತಿನಲ್ಲಿ ಈ ಒಗಟುಗಳಿಗೂ ಅದೇ ಕ್ರಮ ಅನುಸರಿಸಿ, ಉಳಿದ ಜಾಗದಲ್ಲಿ ಹೆಬ್ಬೆರಳು ಪಳಗಿಸುವ ಬಗ್ಗೆ ನಾಲ್ಕು ಸಾಲು ಹಾಕಬೇಕೆಂದು ಕೋರುತ್ತೇನೆ.

– ಒಬ್ಬ ನಿವೃತ್ತ ಲೆಕ್ಕಿಗ